ಛತ್ರಿ ಮಾವನ ಮನೆ ಖಾಲಿ ಮಾಡಿದ್ದು

ಚೆಕಿಂಗ್ ಅಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದನ್ನು ಯಾರೂ ಆಕೆಯ ಬೆನ್ನ ಹಿಂದೆ ಪಿಸುಗುಟ್ಟಬೇಕಾಗಿರಲಿಲ್ಲ, ಆಕೆಯೇ ಎದುರಿಗೆ ಹೇಳಿಬಿಡುತ್ತಿದ್ದಳು. ಮೂವತ್ತೊಂದು ವರ್ಷ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ನಿನ್ನೆಯ ಟಿಕೆಟ್ಟಿಗೆ ಇಸ್ತ್ರಿ ಹಾಕಿ ಇವತ್ತಿನದೆಂದು ತೋರಿಸಿದವರನ್ನು ಕಂಡಿದ್ದಳು. ಆಕೆ ಬಸ್ ಹತ್ತಿದ್ದೇ ತಡ ಮೂರ್ಛೆ ಬಿದ್ದವರನ್ನು ಕಂಡಿದ್ದಳು. ಟೈ ಕಟ್ಟಿದ ಒಬ್ಬ ದೊಡ್ಡ ಮನುಷ್ಯ ಟಿಕೆಟ್ ನುಂಗಿಬಿಟ್ಟೆನೆಂದು ಬಾಯಿ ತೆರೆದಾಗ, ಒಳಗೆ ಇಣುಕಿ ನೋಡಿ ಆಮೇಲೆಯೇ ದಂಡ ಹಾಕಿದ್ದಳು. ಹೀಗಾಗಿ ಪ್ಯಾಕೆಟ್ಟಿನ ಹಾಲನ್ನು ಮನೆಯಲ್ಲಿ ಮತ್ತೊಮ್ಮೆ ಅಳೆಯುವುದು, ಒಬ್ಬ ಡಾಕ್ಟರ್ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ತೋರಿಸುವುದು, ಸುಮ್ಮನೆ ನಕ್ಕವರನ್ನು ‘ಏನಾಗ್ಬೇಕಿತ್ತು?’ ಎಂದು ಕೇಳುವುದು ಇವೆಲ್ಲ ಆಕೆಗೆ ಉಸಿರಾಟದಷ್ಟೇ ಸಹಜ.

ಆಕೆಯನ್ನೂ ತಂಗಿಯನ್ನೂ ಸಾಕಿದ ಸೋದರಮಾವ ಇದಕ್ಕೆ ತೀರಾ ತದ್ವಿರುದ್ಧ. ಛತ್ರಿ ರಿಪೇರಿ ಅವರ ಕಸುಬು. ಎರಡು ಆಳು ಒಟ್ಟಿಗೆ ನಿಲ್ಲಲಾಗದಷ್ಟು ಇಕ್ಕಟ್ಟಿನ ಅಂಗಡಿ. ‘ದುಡ್ಡು ನಾಳೆ ಕೊಡ್ತೀನಿ’ ಎಂದು ಛತ್ರಿ ಬಿಡಿಸಿಕೊಂಡು ಹೋದವರ ಲೆಕ್ಕವನ್ನು ಆಗ ಹನ್ನೆರಡು ವರ್ಷದವಳಾಗಿದ್ದ ಅಕ್ಕ ಸ್ಟೂಲಿನ ಮೇಲೆ ಕೂತು ಇಡುತ್ತಿದ್ದಳು. “ಮಾವ, ಆ ದಪ್ಪ ಕನ್ನಡಕದವನು ಹೀಗೆ ಹೇಳ್ತಿರೋದು ಇದು ಮೂರನೇ ಸಲ,” ಎಂದರೆ ಮಾವ ಸೂಜಿಗೆ ದಾರ ಪೋಣಿಸುತ್ತಲೇ, “ಇರ್ಲಿ ಬಿಡು ಮಗಳೇ, ಪಾಪ ನೆನೆದು ಹೋಗ್ತಾನೆ,” ಎನ್ನುತ್ತಿದ್ದರು. ಮನೆಯಲ್ಲಿ ಒಬ್ಬರಾದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು ಎಂದು ಅಕ್ಕ ತೀರ್ಮಾನಿಸಿದ್ದು ಆಗಲೇ.

ಆ ಮಾವ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿ ನಾಲ್ಕೇ ದಿನ ಮಲಗಿ ತೀರಿಕೊಂಡರು. ಅವರಿದ್ದದ್ದು ಬಾಡಿಗೆಯ ಎರಡು ಕೋಣೆ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮನೆ ಮಾಲೀಕ ಎರಡು ಮಾತು ಸಮಾಧಾನ ಹೇಳಿ ಮೂರನೆಯ ಮಾತಿಗೆ ವಿಷಯಕ್ಕೆ ಬಂದ. ತಿಂಗಳ ಕೊನೆಗೆ ಖಾಲಿ ಆಗಬೇಕು, ಇಲ್ಲದಿದ್ದರೆ ಇನ್ನೊಂದು ತಿಂಗಳ ಬಾಡಿಗೆ. ಉಳಿದದ್ದು ಹನ್ನೊಂದು ದಿನ.

ದೂರದ ಊರಿನಿಂದ ತಂಗಿ ಫೋನಿನಲ್ಲಿ, “ನೀನೇ ನೋಡ್ಕೋ ಅಕ್ಕ, ನನಗೆ ರಜೆ ಇಲ್ಲ. ಖರ್ಚು ಅರ್ಧರ್ಧ. ಎಷ್ಟಾಗ್ಬಹುದು?” ಎಂದಳು.

“ಹಳೇ ಸಾಮಾನು ತಾನೇ? ಅವರೇ ನಮಗೆ ಕೊಡ್ಬೇಕು,” ಎಂದಳು ಅಕ್ಕ. ಆಕೆಗೆ ಗೊತ್ತಿದ್ದದ್ದು ಅಷ್ಟೇ.

ಬೀಗ ತೆಗೆದವಳು ಹೊಸ್ತಿಲಲ್ಲೇ ನಿಂತಳು. ಅಂಗಡಿ ಮುಚ್ಚಿದ ದಿನ ಅಲ್ಲಿದ್ದದ್ದೆಲ್ಲ ಮನೆಗೆ ಬಂದು ಕೂತಿತ್ತು. ಬಟ್ಟೆ ಹರಿದ, ಕಡ್ಡಿ ಚಾಚಿದ ಛತ್ರಿಗಳು ಒಂದರ ಕಾಲು ಇನ್ನೊಂದರ ಹೊಟ್ಟೆಗೆ ಸಿಕ್ಕಿಕೊಂಡು ಒಳಕೋಣೆಯಲ್ಲಿ ಸೂರಿನ ತನಕ ಏರಿದ್ದವು. ಮುನ್ನೂರಾದರೂ ಇದ್ದಾವು. ಜೊತೆಗೆ ಮೂರು ಹಾಸಿಗೆ, ಹಳೆಯ ಪತ್ರಿಕೆಗಳ ಕಟ್ಟು, ಕೆಟ್ಟುಹೋಗಿ ಬೀರುವಾಗಿದ್ದ ಒಂದು ಫ್ರಿಜ್, ಬಣ್ಣದ ಅರ್ಧ ಡಬ್ಬಿಗಳು, ಕಡ್ಡಿ ಬಿಗಿದಿಟ್ಟು ಕೆಲಸ ಮಾಡುವ ಕಬ್ಬಿಣದ ದೊಡ್ಡ ಹಿಡಿಕಟ್ಟು, ಒಂದು ಗೋಣಿಚೀಲ ಹಿತ್ತಾಳೆಯ ಹಿಡಿಗಳು.

ಸಾಮಾನು ಸಾಗಿಸುವ ಮೂವರಿಗೆ ಫೋನ್ ಮಾಡಿದಳು. ಮೊದಲನೆಯವನು ಲಾರಿ ಎಷ್ಟು ತುಂಬುತ್ತದೋ ಅಷ್ಟು ಎಂದ. ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಹೀಗೆ. ಎರಡನೆಯವನು ತೂಕಕ್ಕೆ ಇಷ್ಟು ಎಂದವನು, ತೂಗುವವರು ಯಾರು ಎಂದು ಕೇಳಿದ್ದಕ್ಕೆ “ನಾವೇ” ಎಂದ. ಅಕ್ಕ ಅಲ್ಲಿಗೇ ಫೋನ್ ಇಟ್ಟಳು. ಮೂರನೆಯವನ ದನಿ ಜೇನಿನಂತಿತ್ತು. “ಒಂದು ಕಾಸೂ ಬೇಡ ಅಮ್ಮ. ಪೂರ್ತಿ ಉಚಿತ.”

ಇದನ್ನು ಕೇಳಿ ತಂಗಿ ಕುಣಿದಳು. “ಇನ್ನೇನು ಯೋಚನೆ? ಅವನನ್ನೇ ಕರಿ!”

“ಬಿಟ್ಟಿ ಅಂದ್ರೆ ಬಾಯಿ ಬಿಡೋರನ್ನ ನಾನು ದಿನಾ ನೋಡಿದೀನಿ. ಮೂರು ಮಹಡಿ ಹತ್ತಿ ಇಳಿದು ಬೆನ್ನು ಮುರ್ಕೊಳ್ಳೋಕೆ ಅವನಿಗೇನು ಹರಕೆ ಇದೆಯಾ?”

“ನಿನ್ನದು ಕಾಮಾಲೆ ಕಣ್ಣು ಅಕ್ಕ. ಕಂಡದ್ದೆಲ್ಲ ಹಳದಿ.”

ಆದರೂ ತಂಗಿಯ ಮಾತಿಗೆ ಬೆಲೆ ಕೊಟ್ಟು ಅವನನ್ನೇ ಕರೆದಳು. ಘಮ್ಮೆನ್ನುವ ಸೆಂಟು ಹಾಕಿಕೊಂಡು, ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಂದ. ಭಾರ ಹೊರುವವನ ಅಂಗಿ ಹೀಗಿರುತ್ತದೆಯೇ ಎಂದು ಅಕ್ಕ ಬಾಗಿಲಲ್ಲೇ ಮೊದಲ ಗುರುತು ಹಾಕಿಕೊಂಡಳು. ಅವನು ಹಾಸಿಗೆಗಳನ್ನು ನೋಡಲಿಲ್ಲ, ಛತ್ರಿಗಳನ್ನು ನೋಡಲಿಲ್ಲ. ಅವನ ಕಣ್ಣು ನೆಟ್ಟಗೆ ಹೋಗಿ ಕೂತದ್ದು ಹಿತ್ತಾಳೆಯ ಚೀಲದ ಮೇಲೆ, ಅಲ್ಲಿಂದ ಹಿಡಿಕಟ್ಟಿನ ಮೇಲೆ.

“ಇವತ್ತು ಸಣ್ಣ ಗಾಡಿ ತಂದಿದೀನಿ ಅಮ್ಮ. ಈ ಭಾರದ್ದೆಲ್ಲ ಇವತ್ತು ಇಳಿಸ್ತೀನಿ. ಹಾಸಿಗೆ ಗೀಸಿಗೆ ನಾಳೆ.”

“ಹಾಗೋ. ಹಾಸಿಗೆ ಇವತ್ತು ಇಳಿಸು. ಭಾರದ್ದು ನಾಳೆ ಆಗ್ಲಿ.”

ಅವನು ನಕ್ಕ. “ನಂಬಿಕೆ ಮೇಲೆ ನಡೆಯೋ ಕೆಲಸ ಅಮ್ಮ ಇದು.”

“ಒಳ್ಳೇದು. ನೀನು ನನ್ನ ನಂಬು, ಹಾಸಿಗೆ ಎತ್ತು. ಅಂದ ಹಾಗೆ ಅದನ್ನ ಎಲ್ಲಿ ಹಾಕ್ತೀಯಾ?”

“ಊರಾಚೆ ಜಾಗ ಇದೆ.”

“ಆ ಜಾಗಕ್ಕೆ ಹೆಸರು? ಗೇಟು? ರಸೀದಿ?”

ಅವನಿಗೆ ತಟ್ಟನೆ ಯಾವುದೋ ಫೋನ್ ನೆನಪಾಯಿತು. ಮಾತಾಡುತ್ತ ಮೆಟ್ಟಿಲಿಳಿದವನು ಮೇಲೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ, ಕೆಳಗಿನ ಮನೆಯ ಟೈಲರ್ ಅವನನ್ನು ನಿಲ್ಲಿಸಿಕೊಂಡು ತನ್ನ ಹಳೆಯ ಸೋಫಾ ತೋರಿಸುತ್ತಿದ್ದ. ಟೈಲರಿಗೆ ಅಕ್ಕ ಮೇಲಿನಿಂದಲೇ, “ಹುಷಾರು!” ಎಂದಳು. ಟೈಲರ್ ಕೈ ಬೀಸಿದ. ಹಣ ಕೇಳದವನ ಬಗ್ಗೆ ಏನು ಹುಷಾರು!

ಮಾರನೆಯ ದಿನ ಬಂದವನು ಲಾರಿ ತುಂಬಿದಷ್ಟಕ್ಕೆ ದರ ಎಂದಿದ್ದ ಮೊದಲನೆಯವನು. ಐವತ್ತರ ಗಟ್ಟಿ ಆಳು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಜೊತೆಯಲ್ಲಿ ಅವನ ಭಾವಮೈದುನ, ಮಾತೇ ಆಡದ ದಪ್ಪ ಮೀಸೆಯವನು. ಲಾರಿಯವನು ಯಾವ ಡಬ್ಬಿಯನ್ನೂ ತೆರೆಯಲಿಲ್ಲ. ಮೆಟ್ಟಿಲು ಎಷ್ಟು, ಲಾರಿ ಬಾಗಿಲ ಹತ್ತಿರ ನಿಲ್ಲಬಹುದೇ, ಫ್ರಿಜ್ಜಿನಲ್ಲಿ ಗ್ಯಾಸ್ ಇದೆಯೇ, ಇಷ್ಟೇ ಕೇಳಿದ. ಆಮೇಲೆ ಹದಿನಾರು ಸಾವಿರ ಎಂದ.

ಅಕ್ಕ ದನಿ ಏರಿಸಿದಳು. “ಏನಪ್ಪಾ ಇದು, ಮೂಗಿಗಿಂತ ಮೂಗುತಿ ಭಾರ! ಈ ಗುಜರಿ ಅಷ್ಟು ಬಾಳಲ್ಲ.”

“ಗುಜರಿಗಲ್ಲ ಅಮ್ಮ, ಜಾಗಕ್ಕೆ. ನನ್ನ ಲಾರಿ ಒಂದು ಡಬ್ಬಿ. ಛತ್ರಿ ಕಡ್ಡಿ ತುಂಬಿದ್ರೂ ತುಂಬಿತು, ಕಬ್ಬಿಣ ತುಂಬಿದ್ರೂ ತುಂಬಿತು. ನಿಮ್ಮ ಛತ್ರಿಗಳು ತೂಕಕ್ಕಿಲ್ಲ, ಜಾಗ ಮಾತ್ರ ಆನೆಯಷ್ಟು ತಿಂತಾವೆ.”

“ಯೋಚನೆ ಮಾಡಿ ಹೇಳ್ತೀನಿ,” ಎಂದು ಕಳಿಸಿದಳು. ಯೋಚನೆ ಎಂದರೆ ಆಕೆಯ ಮಟ್ಟಿಗೆ ವಿಚಾರಣೆ. ನಗರದ ಕಸದ ಯಾರ್ಡಿಗೆ ಫೋನ್ ಮಾಡಿ ಟನ್ನಿಗೆ ಗೇಟಿನಲ್ಲಿ ಎಷ್ಟು ಕೊಡಬೇಕೆಂದು ಕೇಳಿದಳು. ಹಾಸಿಗೆಗೆ ಬೇರೆ ದರವಂತೆ, ಗ್ಯಾಸ್ ಇರುವ ಫ್ರಿಜ್ಜಿಗೆ ಇನ್ನೂ ಬೇರೆಯಂತೆ, ಬಣ್ಣದ ಡಬ್ಬಿಗೆ ಇನ್ನೊಂದು ಕಿಟಕಿಯಂತೆ. ಮೂಲೆಯ ಕಟ್ಟಡದಲ್ಲಿ ಇಟ್ಟಿಗೆ ಹೊರುವವರನ್ನು ದಿನಗೂಲಿ ಕೇಳಿದಳು. ಡೀಸೆಲ್ ದರ ಕೇಳಿದಳು. ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದು ಕೂಡಿಸಿದರೆ ಹತ್ತು ಸಾವಿರಕ್ಕೆ ನಿಂತಿತು. ಸಿಕ್ಕಿಬಿದ್ದ ಎಂದುಕೊಂಡು ಲಾರಿಯವನಿಗೆ ಫೋನ್ ಹಚ್ಚಿದಳು.

“ಹತ್ತಕ್ಕೆ ಲೆಕ್ಕ ಸಿಕ್ತು. ಆರು ಎಲ್ಲಿ ಹೋಯ್ತು?”

ಅವನು ಸಿಟ್ಟಾಗಲಿಲ್ಲ. “ಲಾರಿ ಕೆಟ್ಟು ನಿಂತ ದಿನ ಇರುತ್ತಮ್ಮ. ಮೈದುನನ ಬೆನ್ನು ಹಿಡಿದ ದಿನ ಇರುತ್ತೆ. ಬಾ ಅಂತ ಕರೆದು ಬಾಗಿಲೇ ತೆಗೀದ ದಿನ ಇರುತ್ತೆ. ಆ ದಿನಗಳಿಗೆ ಯಾರು ಕೊಡ್ತಾರೆ? ಅದೆಲ್ಲ ಆ ಆರರಲ್ಲಿದೆ. ಬೇಕಾದ್ರೆ ಒಂದು ಮಾತು ಹೇಳ್ತೀನಿ. ನೀವು ಜಾಗ ಕಡಿಮೆ ಮಾಡಿ, ನಾನು ರೇಟು ಕಡಿಮೆ ಮಾಡ್ತೀನಿ.”

ದರ ಇಳಿಸುವ ದಾರಿಯನ್ನು ವ್ಯಾಪಾರಿಯೇ ಹೇಳಿಕೊಟ್ಟದ್ದು ಆಕೆಗೆ ಇನ್ನಷ್ಟು ಅನುಮಾನ ತಂದಿತು. ಆದರೆ ಲೆಕ್ಕ ಸರಿಯಿತ್ತು. ಕೈಗೆ ಗವಸು ಹಾಕಿಕೊಂಡು ನಾಲ್ಕು ದಿನ ಕೂತು ಛತ್ರಿಗಳನ್ನು ಒಂದೊಂದಾಗಿ ಬಿಡಿಸಿ, ಕಡ್ಡಿ ಮಡಚಿ, ಇಪ್ಪತ್ತರ ಕಟ್ಟು ಕಟ್ಟಿದಳು.

ಆಗಲೇ ಕಂಡದ್ದು, ಪ್ರತಿ ಛತ್ರಿಯ ಹಿಡಿಗೆ ಬೆರಳಗಲದ ಬಿಳಿ ಬಟ್ಟೆಯ ಚೀಟಿ. ಅದರ ಮೇಲೆ ಮಾವನ ಅಕ್ಷರ. ‘ನೀಲಿ ಕೋಟು, ಎರಡು ಕಡ್ಡಿ.’ ‘ಕೆಮ್ಮುವ ಮೇಷ್ಟ್ರು, ಹಿಡಿ.’ ‘ಅವಳಿ ಮಕ್ಕಳ ತಾಯಿ, ಬಟ್ಟೆ ಪೂರ್ತಿ.’ ಗಿರಾಕಿಗಳ ಹೆಸರು ಕೇಳುವ ಅಭ್ಯಾಸವೇ ಮಾವನಿಗೆ ಇರಲಿಲ್ಲ, ಕಂಡ ಗುರುತನ್ನು ಬರೆದಿಡುತ್ತಿದ್ದರು. ಅರವತ್ತು ವರ್ಷ ಏನನ್ನೂ ಎಸೆಯಲು ಬಾರದ ಮನುಷ್ಯ ಎಂದು ಆಕೆ ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದಳು. ಈಗ ನೋಡಿದರೆ ಇವು ಅವರ ಸಾಮಾನೇ ಅಲ್ಲ. ಕೊಟ್ಟು ಹೋದವರು ಬರಲಿಲ್ಲ, ಮಾವ ಕಾದರು, ಅಷ್ಟೇ. ಅಕ್ಕ ಗವಸು ಕಳಚಿದಳು. ಆಮೇಲೆ ಕತ್ತರಿ ತಂದು ಚೀಟಿಗಳನ್ನೆಲ್ಲ ಕತ್ತರಿಸಿ ಒಂದು ಬಟ್ಟೆಯ ಚೀಲಕ್ಕೆ ಹಾಕಿದಳು.

ಲಾರಿಯವನು ಬಂದು ಕಟ್ಟುಗಳನ್ನು ನೋಡಿ ಪೆನ್ಸಿಲಿನಿಂದ ತಲೆ ಕೆರೆದುಕೊಂಡ. “ಮುಕ್ಕಾಲು ಲಾರಿ. ಹನ್ನೆರಡೂವರೆ.”

“ನಾನೂ ಲಾರಿಯಲ್ಲಿ ಬರ್ತೀನಿ. ಎಲ್ಲಿ ಹಾಕ್ತೀಯಾ ನೋಡ್ಬೇಕು.”

“ಬನ್ನಿ. ಸೀಟು ಮಾತ್ರ ಗಟ್ಟಿ.”

ಸಾಮಾನು ಇಳಿಸುವ ಬೆಳಗ್ಗೆ ಆಕೆ ಮೆಟ್ಟಿಲ ತಿರುವಿನಲ್ಲಿ ನಿಂತು ಇಳಿದದ್ದನ್ನೆಲ್ಲ ಗುರುತು ಮಾಡಿಕೊಂಡಳು. ಮೀಸೆಯ ಮೈದುನ ಫ್ರಿಜ್ಜನ್ನು ಬೆನ್ನಿಗೆ ಪಟ್ಟಿ ಕಟ್ಟಿ ಇಳಿಸಿದ. ಐವತ್ತೆರಡು ಮೆಟ್ಟಿಲು; ಪ್ರತಿ ತಿರುವಿನಲ್ಲಿ ಗೋಡೆಗೆ ಹಣೆ ಒತ್ತಿ ಉಸಿರು ಬಿಡುತ್ತಿದ್ದ. ಅವನ ಕತ್ತಿನ ನರ ನೋಡಿ ಅಕ್ಕನಿಗೆ ಒಂದು ಸಲ ನೀರು ಕೊಡೋಣ ಎನಿಸಿತು, ಕೊಟ್ಟಳು ಕೂಡ. ಆದರೆ ನೀರು ತರಲು ಹೋದ ಆ ಎರಡು ನಿಮಿಷದಲ್ಲೇ ಹಿತ್ತಾಳೆಯ ಚೀಲ ಮನೆಯಲ್ಲಿಲ್ಲ! ಕಿಟಕಿಯಿಂದ ಇಣುಕಿದಳು. ಲಾರಿಯವನು ಅದನ್ನು ಹಿಂದಿನ ಡಬ್ಬಿಗೆ ಹಾಕದೆ, ತನ್ನ ಸೀಟಿನ ಹಿಂದೆ ಇಡುತ್ತಿದ್ದ.

ಆಕೆ ಕೂಗಲಿಲ್ಲ. ಬಸ್ಸಿನಲ್ಲೂ ಹಾಗೆಯೇ, ಕಳ್ಳನನ್ನು ಮುಂದಿನ ಸ್ಟಾಪಿನ ತನಕ ಬಿಡುತ್ತಿದ್ದಳು. ಲಾರಿ ಎರಡು ಸಿಗ್ನಲ್ ದಾಟಿದ ಮೇಲೆ, ಇಬ್ಬರ ನಡುವೆ ಇಕ್ಕಟ್ಟಾಗಿ ಕೂತವಳು ರಸ್ತೆ ನೋಡುತ್ತಲೇ ಕೇಳಿದಳು: “ಸೀಟಿನ ಹಿಂದೆ ಏನಿದೆ?”

ಮೈದುನ ಕಿಟಕಿಯಾಚೆ ನೋಡಿದ. ಲಾರಿಯವನ ಕಿವಿ ಕೆಂಪಾಯಿತು. “ಹಿತ್ತಾಳೆ ಅಮ್ಮ. ಮಾರ್ತೀನಿ. ಎಲ್ಲಾರೂ ಮಾರ್ತಾರೆ. ಅದನ್ನೂ ಸೇರಿಸ್ಕೊಂಡೇ ನಿಮಗೆ ಹನ್ನೆರಡೂವರೆ ಅಂದದ್ದು.”

“ಸೇರಿಸ್ಕೊಂಡಿದ್ರೆ ಹೇಳ್ಬೇಕಿತ್ತು. ಹೇಳದೆ ಇಟ್ಟದ್ದಕ್ಕೆ ಬೇರೆ ಹೆಸರಿದೆ.”

ಮುಂದಿನ ಸಿಗ್ನಲಿನಲ್ಲಿ ಲಾರಿ ನಿಂತಿತು. ಆಮೇಲೆ ಅವನೇ, “ಹೇಳ್ಬೇಕಿತ್ತು, ಒಪ್ತೀನಿ. ಹನ್ನೊಂದು ಕೊಡಿ,” ಎಂದ. ಅವನು ಪ್ರಾಮಾಣಿಕನೋ, ಸಿಕ್ಕಿಬಿದ್ದದ್ದರಿಂದ ಪ್ರಾಮಾಣಿಕನಾದವನೋ ಎಂಬುದು ಅಕ್ಕನಿಗೆ ಕೊನೆಗೂ ತೀರ್ಮಾನವಾಗಲಿಲ್ಲ.

ಕಸದ ಯಾರ್ಡಿನ ಗೇಟಿನಲ್ಲಿ ಲಾರಿಯನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿದರು. ಗಾಜಿನ ಗೂಡಿನಲ್ಲಿದ್ದ ಗುಮಾಸ್ತ ಅಂಕಿ ಬರೆದುಕೊಂಡು ಕೈ ಬೀಸಿದ. ಒಳಗೆ ಹಾಸಿಗೆ ಒಂದು ಕಡೆ, ಫ್ರಿಜ್ ಇನ್ನೊಂದು ಕಡೆ, ಬಣ್ಣದ ಡಬ್ಬಿ ಮತ್ತೊಂದು ಕಡೆ. ಒಂದೊಂದು ಕಡೆಯೂ ಒಂದೊಂದು ರಸೀದಿ, ಫೋನಿನಲ್ಲಿ ಹೇಳಿದ್ದ ದರವೇ. ಛತ್ರಿಯ ಕಟ್ಟುಗಳು ಕಬ್ಬಿಣದ ಗುಂಡಿಗೆ ಬಿದ್ದಾಗ ಆಕೆ ಬೇರೆ ಕಡೆ ನೋಡಿದಳು. ಕಾಲು ಜೋಮು ಹಿಡಿದಿದ್ದರಿಂದ ಗೇಟಿನ ತನಕ ನಡೆದೇ ಬಂದಳು. ಖಾಲಿ ಲಾರಿ ಮತ್ತೆ ಹಲಗೆ ಹತ್ತಿತು. ಗುಮಾಸ್ತ ಮೊದಲ ತೂಕದಿಂದ ಎರಡನೆಯದನ್ನು ಕಳೆದು ಚೀಟಿ ಹರಿಯುವುದರಲ್ಲಿದ್ದ.

“ನಿಲ್ಲಿ!” ಎಂದಳು ಅಕ್ಕ. “ಒಳಗೆ ಹೋಗುವಾಗ ನಾನು ಲಾರಿಯಲ್ಲಿದ್ದೆ. ಈಗ ಕೆಳಗಿದೀನಿ. ನನ್ನನ್ನೂ ಕಸಕ್ಕೆ ಸೇರಿಸಿ ತೂಗಿದೀರಲ್ಲ!”

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. ಲಾರಿಯವನು ಸ್ಟೀರಿಂಗ್ ಮೇಲೆ ತಲೆ ಇಟ್ಟುಕೊಂಡ. ಅಷ್ಟು ದಿನದಲ್ಲಿ ಒಂದು ಮಾತೂ ಆಡದ ಮೈದುನ ಮೊದಲ ಸಲ ಬಾಯಿ ಬಿಟ್ಟ. “ಅಮ್ಮ ಹೇಳೋದು ಸರಿ ಭಾವ.” ಅಕ್ಕ ಗತ್ತಿನಿಂದ ಲಾರಿ ಹತ್ತಿ ಕೂತಳು. ಮತ್ತೆ ತೂಗಿದರು. ಕಸದ ಲೆಕ್ಕದಲ್ಲಿ ಎಪ್ಪತ್ತು ಕಿಲೋ ಇಳಿಯಿತು. ಬಿಲ್ಲಿನಲ್ಲಿ ಅದರಿಂದ ಉಳಿದದ್ದು ಒಂದು ಲೋಟ ಕಾಫಿಯ ದುಡ್ಡು, ಆದರೆ ವಿಷಯ ದುಡ್ಡಿನದಲ್ಲ. ಗುಮಾಸ್ತ ಚೀಟಿ ಕೊಡುತ್ತ, “ಇಪ್ಪತ್ತು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ,” ಎಂದ. ಅದು ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ.

ಭಾನುವಾರ ತಂಗಿ ಬಂದಳು. ಖಾಲಿ ಕೋಣೆಯಲ್ಲಿ ಇಬ್ಬರ ಮಾತೂ ಎರಡೆರಡು ಸಲ ಕೇಳುತ್ತಿತ್ತು. ಹನ್ನೊಂದು ಸಾವಿರ ಎಂದಾಗ ತಂಗಿ ಮುಖ ಸಣ್ಣದು ಮಾಡಿದಳು.

“ಬಿಟ್ಟಿ ಒಯ್ಯೋನು ಬಾಗಿಲಿಗೆ ಬಂದಿದ್ದ. ಅವನನ್ನ ಓಡಿಸಿ ಹನ್ನೊಂದು ಕೊಟ್ಟಿದೀಯಾ. ಯಾಕೆ ಅಂತ ನಾನು ಕೇಳ್ಬಾರದಾ?”

“ಕೇಳು. ಚೀಟಿ ಇದಾವೆ.” ಅಕ್ಕ ರಸೀದಿಗಳನ್ನು ಮುಂದಿಟ್ಟಳು.

ತಂಗಿ ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದಳು. ತಾರೀಖು ನೋಡಿದಳು, ಮೊಹರು ನೋಡಿದಳು. ಎಷ್ಟೋ ಸಾವಿರ ಜನರ ಮುಂದೆ ಹೀಗೆ ನಿಂತಿದ್ದ ಅಕ್ಕ, ಈ ಕಡೆ ನಿಂತು ಕೈ ಕಟ್ಟಿಕೊಂಡದ್ದು ಅದೇ ಮೊದಲು. ಟಿಕೆಟ್ ಇದ್ದವರೂ ಯಾಕೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರೆಂದು ಆಗ ಹೊಳೆಯಿತು.

“ಇವೆಲ್ಲ ಸೇರಿದ್ರೂ ಹನ್ನೊಂದಾಗಲ್ಲ,” ಎಂದಳು ತಂಗಿ.

“ಉಳಿದದ್ದು ಕೂಲಿ, ಡೀಸೆಲ್, ಅವನ ಕೆಟ್ಟ ದಿನಗಳು.”

“ಕೆಟ್ಟ ದಿನಕ್ಕೂ ರಸೀದಿ ಇಲ್ವಾ?” ತಂಗಿ ನಗಲಿಲ್ಲ. ಕಿಟಕಿ ಮೇಲಿದ್ದ ಬಟ್ಟೆಯ ಚೀಲದ ಕಡೆ ನೋಡಿದಳು. “ಅದರಲ್ಲೇನು? ಮಾವನ ಬೀರುವಿನಲ್ಲಿ ಏನಾದ್ರೂ ಸಿಕ್ತಾ?”

ಅಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಚೀಲ ತಂದು ನೆಲದ ಮೇಲೆ ಬೋರಲು ಹಾಕಿದಳು. ಬಿಳಿ ಬಟ್ಟೆಯ ಚೀಟಿಗಳು ರಾಶಿ ಬಿದ್ದವು. ತಂಗಿ ಕೂತು ಒಂದು ಎತ್ತಿಕೊಂಡಳು, ಇನ್ನೊಂದು ಎತ್ತಿಕೊಂಡಳು. “ಕೆಮ್ಮುವ ಮೇಷ್ಟ್ರು… ಅಯ್ಯೋ, ಇವರು ನನಗೆ ಲೆಕ್ಕ ಹೇಳಿಕೊಟ್ಟೋರು ಅಕ್ಕ.” ಬಹಳ ಹೊತ್ತು ಓದುತ್ತಲೇ ಇದ್ದಳು. ತಪ್ಪಾಯಿತು ಎಂದು ಹೇಳಲಿಲ್ಲ. ಅವರ ಮನೆತನದಲ್ಲಿ ಆ ಮಾತು ಬಾಯಿಂದ ಬರುವುದು ಅಪರೂಪ.

ಅಷ್ಟರಲ್ಲಿ ಬಾಗಿಲು ಬಡಿದವನು ಕೆಳಗಿನ ಟೈಲರ್. ಕೈಯಲ್ಲಿ ನಗರಸಭೆಯ ನೋಟೀಸು, ಮುಖ ಬೆಳ್ಳಗೆ. ಅವನ ಸೋಫಾ, ಜೊತೆಗೆ ಕೊಟ್ಟಿದ್ದ ಎರಡು ಚೀಲ ಕತ್ತರಿಸಿದ ಬಟ್ಟೆ, ಕಾಲುವೆ ಪಕ್ಕದಲ್ಲಿ ಬಿದ್ದಿದ್ದವಂತೆ. ಚೀಲದೊಳಗೆ ಅವನ ವಿಳಾಸ ಅಚ್ಚಾದ ಬಿಲ್ಲು ಪುಸ್ತಕ ಸಿಕ್ಕಿದೆಯಂತೆ. ದಂಡ ಇಪ್ಪತ್ತು ಸಾವಿರ. ಜೇನಿನ ದನಿಯವನ ಫೋನ್ ಈಗ ಸ್ವಿಚ್ ಆಫ್.

“ನೀವು ಮೇಲಿಂದ ಹುಷಾರು ಅಂದ್ರಿ ಅಕ್ಕ. ನಾನು ಕೈ ಬೀಸಿದೆ,” ಎಂದು ಟೈಲರ್ ಅಲ್ಲೇ ಕುಸಿದು ಕೂತ.

ತಂಗಿ ನೋಟೀಸನ್ನೂ ಅಕ್ಕನ ಮುಖವನ್ನೂ ನೋಡಿದಳು. ಅಕ್ಕನಿಗೆ ಗೆದ್ದೆ ಎನಿಸಬೇಕಿತ್ತು, ಎನಿಸಲಿಲ್ಲ. “ಏಳು, ಗಾಡಿ ನಂಬರ್ ಬರೆದಿಟ್ಕೊಂಡಿದೀನಿ,” ಎಂದಳು. ಜೇನಿನ ದನಿಯವನು ಕೆಳಗಿಳಿದ ದಿನ ಕಿಟಕಿಯಿಂದಲೇ ಗುರುತು ಹಾಕಿಕೊಂಡಿದ್ದಳು.

ಸೋಮವಾರ ಮೂವರೂ ನಗರಸಭೆಗೆ ಹೋದರು. ರಜೆ ಇಲ್ಲದ ತಂಗಿಯೂ ಒಂದು ದಿನ ಹೆಚ್ಚು ಉಳಿದುಕೊಂಡಳು. ಅಕ್ಕ ಬರೆದುಕೊಟ್ಟ ಹೇಳಿಕೆಯಿಂದ ಟೈಲರಿನ ದಂಡ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಗಾಡಿಯವನು ಸಿಕ್ಕನೋ ಇಲ್ಲವೋ ಯಾರೂ ತಿಳಿಸಲಿಲ್ಲ. ತಂಗಿ ಊರಿಗೆ ಹೊರಡುವ ಮುನ್ನ ಐದೂವರೆ ಸಾವಿರ ಎಣಿಸಿ ಕೊಟ್ಟು, ಆ ಚೀಟಿಗಳಲ್ಲಿ ಅರ್ಧ ತನಗೆ ಬೇಕೆಂದಳು. ಇಬ್ಬರೂ ನೆಲದ ಮೇಲೆ ಕೂತು ಹಂಚಿಕೊಂಡರು. ಮೇಷ್ಟ್ರ ಚೀಟಿಗೆ ಸ್ವಲ್ಪ ಜಗಳವಾಗಿ, ಕೊನೆಗೆ ತಂಗಿಯೇ ಒಯ್ದಳು.